ತಪ್ಪುಕಾಣಿಕೆ

೨೦೨೪ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮ ಕಟಪಾಡಿಯ ಅಂಚೆಯವರು ನನಗೊಂದು ರಿಜಿಸ್ಟರ್ ಲಕೋಟೆಯನ್ನು ತಂದುಕೊಟ್ಟರು. ನಮ್ಮ ಕಡೆಗೆ ಹೊರದೇಶದ ಕಾಗದ ಬರುವುದು ಹೊಸತೇನಲ್ಲ. ಕಟಪಾಡಿ, ಶಿರ್ವ, ಕಾಪು, ಈ ಸುತ್ತಿನ ಎಷ್ಟೋ ಮನೆಗಳು ದುಬೈಯ, ಮಸ್ಕತ್ತಿನ, ಕುವೈತಿನ ದುಡಿಮೆಯಿಂದ ಎದ್ದುನಿಂತವು. ಆದರೆ ಈ ಲಕೋಟೆ ಬಂದದ್ದು ಇಟಲಿಯಿಂದ. ಹಳೆಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ಅಧ್ಯಾಪಕನಿಗೆ ಇಟಲಿಯಲ್ಲಿ ಯಾರ ಪರಿಚಯ? ನಾನು ಸಹಿ ಹಾಕುತ್ತಿರುವಾಗ ನನ್ನಾಕೆ ಬಾಗಿಲಲ್ಲಿ ನಿಂತು, “ನಿಮಗೇನಾದರೂ ಬಹುಮಾನ ಬಂತೋ?” ಎಂದು ಕೇಳಿದಳು. ಒಡೆದು ನೋಡಿದರೆ ಅದು ದಂಡದ ನೋಟೀಸು.

ಸಂಗತಿ ಇಷ್ಟು. ಹತ್ತು ತಿಂಗಳ ಹಿಂದೆ, ೨೦೨೩ರ ಬೇಸಗೆ ರಜೆಯಲ್ಲಿ, ನಾವಿಬ್ಬರೂ ಜರ್ಮನಿಗೆ ಹೋಗಿದ್ದೆವು. ನನ್ನ ಅಕ್ಕನ ಮಗ ಅಲ್ಲಿ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಮಾವನನ್ನೂ ಅತ್ತೆಯನ್ನೂ ಆಲ್ಪ್ಸ್ ಪರ್ವತ ದಾಟಿಸಿ ಇಟಲಿಯ ಗಾರ್ಡಾ ಸರೋವರವನ್ನು ತೋರಿಸಬೇಕೆಂಬುದು ಅವನ ಆಸೆ. ಆದರೆ ಕಾರು ನಡೆಸುವ ಅಧಿಕಾರ ಅವನಿಗಿರಲಿಲ್ಲ. ಜರ್ಮನಿಯಲ್ಲಿ ನೆಲಸಿದವನಿಗೆ ಭಾರತದ ಲೈಸನ್ಸು ಆರು ತಿಂಗಳು ಮಾತ್ರ ಸಲ್ಲುತ್ತದೆ. ಆಮೇಲೆ ಅಲ್ಲಿಯದೇ ಲೈಸನ್ಸು ಪಡೆಯಬೇಕು. ಹುಡುಗ ಅದನ್ನು ಮುಂದೂಡುತ್ತ ಬಂದಿದ್ದ. ಪ್ರವಾಸಿಯಾದ ನನಗೆ ಆ ತೊಡಕಿಲ್ಲ. ಉಡುಪಿಯ ಸಾರಿಗೆ ಕಚೇರಿಯಿಂದ ಪಡೆದ ಅಂತರರಾಷ್ಟ್ರೀಯ ಪರವಾನಿಗೆಯ ಪುಸ್ತಕವೊಂದು ನನ್ನ ಜೇಬಿನಲ್ಲಿತ್ತು. ಹೀಗಾಗಿ ಎರಡು ವರ್ಷದಿಂದ ಆ ದೇಶದಲ್ಲಿದ್ದ ಅಳಿಯ ಪಕ್ಕದಲ್ಲಿ ಕುಳಿತ. ಎರಡು ವಾರದ ಹಿಂದೆ ಬಂದಿಳಿದ ಮಾವ ಸ್ಟೀಯರಿಂಗ್ ಹಿಡಿದ. ಬಾಡಿಗೆ ಕಾರು ನನ್ನ ಹೆಸರಿನಲ್ಲಿತ್ತು.

ಗಾರ್ಡಾ ಸರೋವರದ ದಂಡೆಯ ದಾರಿ ಬಹಳ ಸೊಗಸಾದದ್ದು. ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ಬೆಟ್ಟ, ನಡುವೆ ಆಲಿವ್ ತೋಟಗಳು. ದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಊರುಗಳು ಬರುತ್ತವೆ, ಹೋಗುತ್ತವೆ. ಅಂಥ ಒಂದು ಊರಿನೊಳಗೆ ನಾನು ಗಂಟೆಗೆ ೭೪ ಕಿಲೋಮೀಟರ್ ವೇಗದಲ್ಲಿ ಸಾಗಿದ್ದೆನೆಂದು ನೋಟೀಸು ಹೇಳುತ್ತಿತ್ತು. ಯಂತ್ರದ ಲೋಪಕ್ಕೆಂದು ೫ ಕಳೆದರೆ ೬೯. ಅಲ್ಲಿಯ ಮಿತಿ ೫೦. ದಂಡ ೧೭೩ ಯೂರೋ. ಅದರ ಮೇಲೆ ಅಂಚೆಯ ವೆಚ್ಚ, ಕಚೇರಿಯ ವೆಚ್ಚ. ನಮ್ಮ ಲೆಕ್ಕದಲ್ಲಿ ಸುಮಾರು ೧೭,೦೦೦ ರೂಪಾಯಿ. ಕಟ್ಟಲು ೬೦ ದಿನಗಳ ಗಡುವು. ೫ ದಿನಗಳೊಳಗೆ ಕಟ್ಟಿದರೆ ದಂಡದಲ್ಲಿ ಶೇಕಡಾ ೩೦ ರಿಯಾಯಿತಿ. ಇಷ್ಟು ತಡವಾಗಿ ಬಂದದ್ದೇಕೆಂದು ಆಶ್ಚರ್ಯಪಟ್ಟೆ. ಹೊರದೇಶದವರಿಗೆ ನೋಟೀಸು ಮುಟ್ಟಿಸಲು ಇಟಲಿಯ ಕಾಯಿದೆ ೩೬೦ ದಿನಗಳ ಅವಕಾಶ ಕೊಟ್ಟಿದೆಯೆಂದು ಆಮೇಲೆ ತಿಳಿಯಿತು.

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಪ್ಪು ನನ್ನದು, ಊರಿನದಲ್ಲ. ಒಂದು ಮಾತನ್ನು ಮಾತ್ರ ಹೇಳಬೇಕು. ಆ ಹೆಸರನ್ನು ನಾನು ಮೊತ್ತಮೊದಲು ಓದಿದ್ದು ಆ ನೋಟೀಸಿನಲ್ಲಿ. ಊರನ್ನು ಹಾದುಹೋಗುವಾಗ ಓದಿರಲಿಲ್ಲ.

ಮರುದಿನ ಕಾಲೇಜಿನಲ್ಲಿ ಅಧ್ಯಾಪಕರ ಕೋಣೆಯಲ್ಲಿ ಇದೇ ಚರ್ಚೆ. ನಾಲ್ಕು ಜನ ಸೇರಿದರೆ ನಾಲ್ಕು ನ್ಯಾಯ. ವಾಣಿಜ್ಯಶಾಸ್ತ್ರದವರು, “ಗೊತ್ತಿಲ್ಲದೆ ಆದದ್ದು, ಬಿಡಿ” ಎಂದರು. ರಾಜ್ಯಶಾಸ್ತ್ರದವರು, “ಆ ಕಾಯಿದೆಯನ್ನು ಮಾಡಿದವರು ನೀವಲ್ಲ, ನಿಮ್ಮ ಪ್ರತಿನಿಧಿಗಳೂ ಅಲ್ಲ; ಅದು ನಿಮ್ಮನ್ನು ಹೇಗೆ ಕಟ್ಟುತ್ತದೆ?” ಎಂದು ಕೇಳಿದರು. ಇನ್ನೊಬ್ಬರು, “ಯಾರಿಗೂ ಏನೂ ಆಗಲಿಲ್ಲವಲ್ಲ?” ಎಂದರು. ರಾತ್ರಿ ದೂರವಾಣಿಯಲ್ಲಿ ಅಳಿಯ ಎಲ್ಲಕ್ಕಿಂತ ಗಟ್ಟಿಯಾದ ಮಾತನ್ನು ಹೇಳಿದ: “ಮಾವ, ನೀವು ಕಟ್ಟದಿದ್ದರೆ ಅವರು ಕಟಪಾಡಿಗೆ ಬಂದು ವಸೂಲು ಮಾಡುತ್ತಾರಾ? ಯುರೋಪಿನ ದೇಶಗಳು ತಮ್ಮತಮ್ಮೊಳಗೆ ವಾಹನದ ಒಡೆಯರ ವಿವರ ಕೊಟ್ಟು ತೆಗೆದುಕೊಳ್ಳಲು ೨೦೧೫ರಲ್ಲಿ ಕಟ್ಟಳೆ ಮಾಡಿಕೊಂಡಿವೆ. ಅದು ಅವರವರ ಒಳಗಿನ ಏರ್ಪಾಡು. ಕಾಗದ ಹರಿದುಹಾಕಿ ಮಲಗಿ.”

ನಾನು ಕಾಗದವನ್ನು ಹರಿಯಲಿಲ್ಲ; ಹಣವನ್ನೂ ಕಟ್ಟಲಿಲ್ಲ. ಮೇಜಿನ ಮೇಲೆ ನಿಘಂಟಿನ ಅಡಿಯಲ್ಲಿ ಇಟ್ಟೆ. ರಿಯಾಯಿತಿಯ ಐದು ದಿನಗಳು ಹಾಗೆಯೇ ಕಳೆದುಹೋದವು. ನನ್ನ ಧರ್ಮಜಿಜ್ಞಾಸೆಗೆ ನಾಲ್ಕೂವರೆ ಸಾವಿರ ರೂಪಾಯಿ ಖರ್ಚಾಯಿತೆಂದು ನನ್ನಾಕೆ ಈಗಲೂ ಹಾಸ್ಯ ಮಾಡುತ್ತಾಳೆ. ಆದರೆ ಆ ಕೆಲವು ವಾರಗಳಲ್ಲಿ ಆ ನಾಲ್ಕು ಮಾತುಗಳನ್ನೂ ತೂಗಿನೋಡುವ ಅವಕಾಶ ನನಗೆ ಸಿಕ್ಕಿತು. ಓದುಗರ ಮುಂದೆ ಆ ತೂಕವನ್ನೇ ಇಡುತ್ತೇನೆ.

ಮೊದಲನೆಯದು, ತಿಳಿಯದೆ ಮಾಡಿದೆನೆಂಬ ಮಾತು. ಇದು ನಿಜವೇ. ಆ ಊರಿನ ಬಾಯಿಯಲ್ಲಿ ‘೫೦’ ಎಂಬ ಅಂಕಿಯನ್ನು ನಾನು ಕಾಣಲಿಲ್ಲ. ಹುಡುಕಿ ಓದಿದ ಮೇಲೆ ಕಾರಣ ತಿಳಿಯಿತು. ಇಟಲಿಯಲ್ಲಿ ಊರಿನ ಗಡಿಯಲ್ಲಿ ಊರಿನ ಹೆಸರು ಬರೆದ ಫಲಕ ನಿಲ್ಲಿಸಿರುತ್ತಾರೆ. ಬೇರೆ ಅಂಕಿ ಬರೆದಿಲ್ಲವಾದರೆ ಆ ಹೆಸರೇ ಮಿತಿ: ಇಲ್ಲಿಂದ ಮುಂದೆ ೫೦. ಊರು ಮುಗಿಯುವಲ್ಲಿ ಅದೇ ಹೆಸರಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದ ಫಲಕವಿರುತ್ತದೆ. ಅಲ್ಲಿಗೆ ಆ ಕಟ್ಟು ಸಡಿಲುತ್ತದೆ. ಜರ್ಮನಿಯಲ್ಲಿಯೂ ಇದೇ ಕ್ರಮ. ಇದನ್ನು ಓದಿದಾಗ ಭಾಷೆಯ ಅಧ್ಯಾಪಕನಾದ ನನಗೆ ನಾಚಿಕೆಯೂ ಆಯಿತು, ಒಂದು ಬಗೆಯ ಸಂತೋಷವೂ ಆಯಿತು. ಇಲ್ಲೊಂದು ಊರಿದೆ, ಇದಕ್ಕೊಂದು ಹೆಸರಿದೆ, ಎಂದರೆ ಇಲ್ಲಿ ಜನರಿದ್ದಾರೆ. ಆದ್ದರಿಂದ ಮೆಲ್ಲಗೆ ಹೋಗು. ಇಷ್ಟೆಲ್ಲವನ್ನೂ ಒಂದು ಅಂಕಿತನಾಮ ಹೇಳಿಬಿಡುತ್ತದೆ. ಹೆಸರುಗಳ ಅರ್ಥ ಬಿಡಿಸುವುದನ್ನೇ ಕಸುಬು ಮಾಡಿಕೊಂಡವನು ಆ ಹೆಸರನ್ನು ಓದದೆ ಹೋದ. ತಿಳಿಯದೆ ಹೋದದ್ದು ನಿಜ. ಆದರೆ ತಿಳಿಯಬೇಕಾದದ್ದನ್ನು ತಿಳಿಯಲು ನಾನು ಮಾಡಿದ ಪ್ರಯತ್ನವೇನು? ಹೊರಡುವ ಮೊದಲು ಹೋಟೆಲುಗಳ ದರವನ್ನು ಮೂರು ರಾತ್ರಿ ಕುಳಿತು ಹೋಲಿಸಿದ್ದೆ. ದಾರಿಯ ಕಟ್ಟಳೆಗಾಗಿ ಒಂದು ಗಳಿಗೆಯನ್ನೂ ಕೊಟ್ಟಿರಲಿಲ್ಲ.

ಎರಡನೆಯದು, ಪರದೇಶದ ಕಾಯಿದೆ ಪರದೇಶಿಯನ್ನು ಕಟ್ಟುತ್ತದೆಯೇ ಎಂಬುದು. ಇದು ಹಳೆಯ ಪ್ರಶ್ನೆ. ಹದಿನೇಳನೆಯ ಶತಮಾನದಲ್ಲಿ ಆಂಗ್ಲ ತತ್ತ್ವಜ್ಞ ಜಾನ್ ಲಾಕ್ ಇದನ್ನು ಎತ್ತಿಕೊಂಡಿದ್ದಾನೆ. ಒಂದು ದೇಶದಲ್ಲಿ ಭೂಮಿ ಕೊಂಡವನು ಮಾತ್ರವಲ್ಲ, ಒಂದು ವಾರ ತಂಗಿದವನು ಕೂಡ, ಕೊನೆಗೆ ಅದರ ಹೆದ್ದಾರಿಯಲ್ಲಿ ಸುಮ್ಮನೆ ಪ್ರಯಾಣ ಮಾಡಿದವನು ಕೂಡ ಆ ದೇಶದ ಕಾಯಿದೆಗೆ ಬಾಯಿಬಿಟ್ಟು ಹೇಳದ ಒಪ್ಪಿಗೆಯನ್ನು ಕೊಟ್ಟಂತೆ ಎಂದು ಅವನ ವಾದ. ಮೋಟಾರು ಹುಟ್ಟುವುದಕ್ಕೆ ಎರಡು ಶತಮಾನ ಮೊದಲೇ ಅವನು ನನ್ನ ಮೊಕದ್ದಮೆಯನ್ನು ತೀರ್ಮಾನಿಸಿ ಹೋದನೋ ಎನ್ನುವ ಹಾಗಿದೆ. ೧೭೪೮ರಲ್ಲಿ ಡೇವಿಡ್ ಹ್ಯೂಮ್ ಇದನ್ನು ಅಲ್ಲಗಳೆದ. ನಿದ್ದೆಯಲ್ಲಿದ್ದವನನ್ನು ಹೊತ್ತೊಯ್ದು ಹಡಗಿನಲ್ಲಿ ಹಾಕಿ, ಎಚ್ಚರವಾದ ಮೇಲೆ ‘ನೀನು ಹಡಗಿನಲ್ಲಿ ಉಳಿದಿರುವುದರಿಂದ ಕಪ್ತಾನನ ಅಧಿಕಾರವನ್ನು ಒಪ್ಪಿದ್ದೀಯೆ’ ಎಂದರೆ ಅದೇನು ಒಪ್ಪಿಗೆ, ಸಮುದ್ರಕ್ಕೆ ಹಾರುವುದೇ ಅವನಿಗೆ ಉಳಿದ ದಾರಿಯಲ್ಲವೇ ಎಂದು ಕೇಳಿದ. ಹುಟ್ಟಿದೂರನ್ನು ಬಿಟ್ಟುಹೋಗಲಾರದ ಬಡ ರೈತನ ವಿಷಯದಲ್ಲಿ ಹ್ಯೂಮನ ಮಾತು ಸರಿಯೆಂದೇ ನನಗೆ ತೋರುತ್ತದೆ. ಆದರೆ ಪ್ರವಾಸಿಯ ವಿಷಯದಲ್ಲಿ? ನನ್ನನ್ನು ಯಾರೂ ನಿದ್ದೆಯಲ್ಲಿ ಹೊತ್ತೊಯ್ಯಲಿಲ್ಲ. ವೀಸಾಕ್ಕೆ ಅರ್ಜಿ ಹಾಕಿ, ಬ್ಯಾಂಕಿನ ಲೆಕ್ಕಪತ್ರ ತೋರಿಸಿ, ಬೆರಳಚ್ಚು ಕೊಟ್ಟು, ಬೇಡಿಕೊಂಡು ಹೋದವನು ನಾನು. ಲೋಕದಲ್ಲಿ ಯಾರಾದರೂ ಒಂದು ದೇಶದ ಕಟ್ಟಳೆಗೆ ಮನಃಪೂರ್ವಕವಾಗಿ ಒಪ್ಪಿ ಬಂದವರಿದ್ದರೆ ಅವರು ಪ್ರವಾಸಿಗಳೇ. ಪ್ರಜೆಗಾದರೆ ಹುಟ್ಟಿನ ನೆಪವಿದೆ. ಅತಿಥಿಗೆ ಆ ನೆಪವೂ ಇಲ್ಲ.

ಮೂರನೆಯದು, ಯಾರಿಗೂ ಏನೂ ಆಗಲಿಲ್ಲವೆಂಬುದು. ಇದಕ್ಕೆ ಉತ್ತರ ಹೇಳಬೇಕಾದರೆ ಗಾರ್ಡಾ ಸರೋವರದಿಂದ ಕಟಪಾಡಿಗೆ ಬರಬೇಕು.

ನಮ್ಮ ಊರು ರಾಷ್ಟ್ರೀಯ ಹೆದ್ದಾರಿಯ ಎರಡೂ ಬದಿಗೆ ಹರಡಿಕೊಂಡಿದೆ. ಮೊದಲು ೧೭ ಎಂಬ ಅಂಕಿಯಿದ್ದ, ೨೦೧೦ರಲ್ಲಿ ಅಂಕಿಗಳನ್ನು ಹೊಸದಾಗಿ ಕೊಟ್ಟಾಗ ೬೬ ಆದ, ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ದಾರಿ ಅದು. ಪೂರ್ವಕ್ಕೆ ತಿರುಗಿದರೆ ಶಂಕರಪುರ, ಶಿರ್ವ. ಪಶ್ಚಿಮಕ್ಕೆ ಇಳಿದರೆ ಗುಳ್ಳ ಬೆಳೆಯುವ ಮಟ್ಟು, ಅದರಾಚೆ ಕಡಲು. ಹೆದ್ದಾರಿ ಅಗಲವಾದ ಮೇಲೆ ಊರು ಎರಡು ಹೋಳಾಯಿತು. ಆದರೆ ಜನರ ಬದುಕು ಎರಡು ಹೋಳಾಗಲಿಲ್ಲ. ಮಲ್ಲಿಗೆ ಆ ಕಡೆ ಬೆಳೆಯುತ್ತದೆ, ಬಸ್ಸು ಈ ಕಡೆ ನಿಲ್ಲುತ್ತದೆ. ಮನೆ ಈ ಕಡೆ, ಶಾಲೆ ಆ ಕಡೆ. ದಾಟದೆ ನಿರ್ವಾಹವಿಲ್ಲ.

ನಮ್ಮ ನೆರೆಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಈಗ ಅವರಿಗೆ ಎಪ್ಪತ್ತು ಮೀರಿದೆ. ಹಿತ್ತಲಲ್ಲಿ ಹತ್ತಾರು ಮಲ್ಲಿಗೆ ಗಿಡ. ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಕಟ್ಟೆಗೆ ಒಯ್ದು ಕೊಡುವುದು ಅವರ ಕೆಲಸ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದಂದಿನ ದರ ಅಂದಂದಿಗೆ. ಹತ್ತು ವರ್ಷಗಳ ಹಿಂದೆ ಒಂದು ಬೆಳಗ್ಗೆ ಹೂವಿನ ಕಟ್ಟು ಹಿಡಿದು ದಾರಿ ದಾಟುತ್ತಿದ್ದಾಗ ಒಂದು ಕಾರು ಅವರಿಗೆ ಬಡಿದು ಹೋಯಿತು. ನಿಲ್ಲಲಿಲ್ಲ. ಕಾರಿನ ಮಾಡಿನ ಮೇಲೆ ಪೆಟ್ಟಿಗೆಗಳನ್ನು ಕಟ್ಟಿದ್ದರಂತೆ. ಉಡುಪಿಗೋ, ಮುರ್ಡೇಶ್ವರಕ್ಕೋ, ಗೋವೆಗೋ ಹೊರಟ ಪ್ರವಾಸಿಗಳಿರಬೇಕು. ಅಕ್ಕನ ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ನಾನು ಓಡಿಹೋದಾಗ ಡಾಂಬರಿನ ಮೇಲೆ ಮಲ್ಲಿಗೆ ಚೆಲ್ಲಿತ್ತು. ಅವರು ನೋವಿನಲ್ಲಿಯೂ ಅದನ್ನು ಒಟ್ಟುಮಾಡಲು ಕೈಚಾಚುತ್ತಿದ್ದರು. ಆ ದಿನ ನಾವೆಲ್ಲ ಆ ಪ್ರವಾಸಿಗಳನ್ನು ಬಾಯಿತುಂಬ ಶಪಿಸಿದೆವು. ‘ಇವರಿಗೆ ಇದೊಂದು ಊರು ಎಂದಾದರೂ ಗೊತ್ತೇ?’ ಎಂದು ನಾನೇ ಕೂಗಿದ್ದು ನನಗೆ ನೆನಪಿದೆ.

ನೋಟೀಸು ಬಂದ ಮೇಲೆ ಆ ಕೂಗು ತಿರುಗಿ ನನ್ನ ಕಿವಿಗೇ ಬಿತ್ತು. ಸರೋವರದ ದಂಡೆಯ ಆ ಊರಿನಲ್ಲಿಯೂ ಅಂಥ ಒಬ್ಬ ಅಕ್ಕ ಇರಬಹುದು. ಆ ಬೆಳಗ್ಗೆ ರೊಟ್ಟಿ ತರಲು ಹೊರಟಿರಬಹುದು. ಅವಳು ಆ ಕ್ಷಣದಲ್ಲಿ ದಾರಿಗೆ ಇಳಿಯಲಿಲ್ಲವೆಂಬುದು ನನ್ನ ಪುಣ್ಯ, ನನ್ನ ಗುಣವಲ್ಲ. ಬಡಿದು ಹೋದ ಆ ಪ್ರವಾಸಿಗೂ ನನಗೂ ಇರುವ ಅಂತರ ಒಂದು ಕ್ಷಣದ ಕಾಕತಾಳೀಯ. ಬಡಿದ ಮೇಲೆ ನಿಲ್ಲದೆ ಹೋದದ್ದು ಬೇರೆಯೇ ಪಾಪ. ಆದರೆ ಬಡಿಯುವುದಕ್ಕೆ ಮುಂಚೆ ಅವನೂ ನಾನೂ ಒಂದೇ. ಭೌತಶಾಸ್ತ್ರದ ಗೆಳೆಯರು ಇನ್ನೊಂದು ಲೆಕ್ಕ ಹೇಳಿದರು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ೫೦ಕ್ಕೂ ೬೯ಕ್ಕೂ ಅಂತರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೆಂದು ಕಣ್ಣಿಗೆ ಕಾಣುತ್ತದೆ. ಪೆಟ್ಟಿನ ಬಲದಲ್ಲಿ ಅದು ಹತ್ತಿರ ಹತ್ತಿರ ಇಮ್ಮಡಿ. ಮಿತಿಯೆಂಬುದು ಪೋಲೀಸರ ಹಟವಲ್ಲ; ಮನುಷ್ಯನ ಮೂಳೆಯ ಲೆಕ್ಕ.

ಮೊದಮೊದಲು ಈ ಲೆಕ್ಕ ಇನ್ನೂ ಬಿಗಿಯಾಗಿತ್ತು. ೧೮೬೫ರ ಇಂಗ್ಲೆಂಡಿನ ಕಾಯಿದೆ ಯಂತ್ರದ ಬಂಡಿಗೆ ಊರೊಳಗೆ ಗಂಟೆಗೆ ಎರಡೇ ಮೈಲಿ ಕೊಟ್ಟಿತ್ತು. ಮುಂದೆ ಕೆಂಪು ಬಾವುಟ ಹಿಡಿದ ಒಬ್ಬನು ನಡೆಯಬೇಕಾಗಿತ್ತು. ೧೮೯೬ರ ಜನವರಿಯಲ್ಲಿ ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬ ಊರಿನಲ್ಲಿ ವಾಲ್ಟರ್ ಆರ್ನಲ್ಡ್ ಎಂಬಾತ ಎಂಟು ಮೈಲಿ ವೇಗದಲ್ಲಿ ಹೋದ. ಪೋಲೀಸಿನವನು ಸೈಕಲ್ ಹತ್ತಿ ಅಟ್ಟಿಸಿಕೊಂಡು ಹೋಗಿ ಹಿಡಿದ. ಅತಿವೇಗಕ್ಕೆ ಬಿದ್ದ ದಂಡ ಒಂದು ಶಿಲಿಂಗ್. ಇಂದು ನಾವು ನಗುತ್ತೇವೆ. ಆದರೆ ಆ ನಗೆಪಾಟಲಿನ ಕಾಯಿದೆಯ ಹಿಂದೆ ಒಂದು ಗಂಭೀರವಾದ ಭಾವನೆಯಿತ್ತು: ಊರು ನಡೆಯುವವರದು, ಹಾದುಹೋಗುವ ಯಂತ್ರ ಅವರ ಹೆಜ್ಜೆಗೆ ಹೊಂದಿಕೊಳ್ಳಬೇಕು ಎಂಬುದು.

ಇನ್ನು ನಾಲ್ಕನೆಯದು, ಅಳಿಯನ ವಾದ. ಹಿಡಿಯುವವರಿಲ್ಲದಿದ್ದರೆ ಕಟ್ಟುವುದೇಕೆ? ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದಲ್ಲಿ ಗೈಜಸ್ ಎಂಬ ಕುರುಬನ ಕಥೆ ಬರುತ್ತದೆ. ಅವನಿಗೆ ಒಂದು ಉಂಗುರ ಸಿಕ್ಕಿತು. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಬಲದಿಂದ ಅವನು ದೊರೆಯನ್ನು ಕೊಂದು ರಾಜ್ಯವನ್ನೇ ಹಿಡಿದ. ಅಂಥ ಉಂಗುರ ಸಿಕ್ಕರೆ ಧರ್ಮದಲ್ಲಿ ನಿಲ್ಲುವವರು ಯಾರು ಎಂಬುದು ಅಲ್ಲಿಯ ಪ್ರಶ್ನೆ. ಪ್ರವಾಸಿಯ ಪಾಸ್‌ಪೋರ್ಟು ಒಮ್ಮೊಮ್ಮೆ ಆ ಉಂಗುರವಾಗುತ್ತದೆ. ನಮ್ಮ ನಾಡಿನಲ್ಲಿ ಇದಕ್ಕೆ ಎದುರಾದ ಕಥೆಯೊಂದು ಮಕ್ಕಳಿಗೂ ಗೊತ್ತು. ಯಾರೂ ನೋಡದ ಕಡೆ ತಿಂದು ಬನ್ನಿರೆಂದು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಯ ಹಣ್ಣು ಕೊಟ್ಟರಂತೆ. ಎಲ್ಲರೂ ಮೂಲೆ ಹುಡುಕಿ ತಿಂದು ಬಂದರು. ಕನಕದಾಸ ಮಾತ್ರ ಹಣ್ಣನ್ನು ಹಿಂದಕ್ಕೆ ತಂದ. ದೇವರು ನೋಡದ ಜಾಗ ಅವನಿಗೆ ಸಿಕ್ಕಲಿಲ್ಲ. ಅದೇ ಕನಕನ ಕಿಂಡಿಯ ಊರಿನ ಬಳಿಯವರು ನಾವು.

ಕಥೆಗಳನ್ನು ಬಿಟ್ಟು ನಡೆದ ಸಂಗತಿಯನ್ನೇ ನೋಡೋಣ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಗೆ ಬಂದ ರಾಯಭಾರಿಗಳ ಕಾರುಗಳಿಗೆ, ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ದಂಡದ ಚೀಟಿ ಹಾಕುತ್ತಿದ್ದರು; ಆದರೆ ವಸೂಲು ಮಾಡುವಂತಿರಲಿಲ್ಲ. ೧೯೯೭ರಿಂದ ೨೦೦೨ರವರೆಗೆ ಕಟ್ಟದೆ ಉಳಿದ ಚೀಟಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ರೇಮಂಡ್ ಫಿಸ್ಮನ್, ಎಡ್ವರ್ಡ್ ಮಿಗೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ದೇಶವಾರು ಎಣಿಸಿದರು. ಕುವೈತಿನ ರಾಯಭಾರಿಗಳ ಹೆಸರಿನಲ್ಲಿ ತಲೆಗೆ ಇನ್ನೂರಕ್ಕೂ ಹೆಚ್ಚು ಚೀಟಿಗಳು. ನಾರ್ವೆ, ಸ್ವೀಡನ್ ದೇಶದವರ ಹೆಸರಿನಲ್ಲಿ ಒಂದೂ ಇಲ್ಲ. ಉಂಗುರ ಎಲ್ಲರ ಬೆರಳಲ್ಲಿಯೂ ಇತ್ತು, ತಿರುಗಿಸಿದವರು ಕೆಲವರು. ೨೦೦೨ರಲ್ಲಿ, ಕಟ್ಟದವರ ರಾಯಭಾರಿ ಫಲಕವನ್ನು ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಬಂದೊಡನೆ ಕಟ್ಟದ ಚೀಟಿಗಳ ಸಂಖ್ಯೆ ಶೇಕಡಾ ೯೮ರಷ್ಟು ಇಳಿಯಿತು.

ನಮ್ಮವರನ್ನೇ ನೋಡಿ. ದುಬೈಯಲ್ಲಿರುವ ನಮ್ಮ ಹುಡುಗರು ಅಲ್ಲಿ ಎಷ್ಟು ನಾಜೂಕಾಗಿ ಕಾರು ನಡೆಸುತ್ತಾರೆ! ಯಾವ ದಾರಿಯಲ್ಲಿ ಎಲ್ಲಿ ಯಂತ್ರದ ಕಣ್ಣಿದೆ ಎಂಬುದು ಅವರಿಗೆ ಬಾಯಿಪಾಠ. ದಂಡ ತೀರಿಸದೆ ಅಲ್ಲಿ ಕಾರಿನ ನೋಂದಣಿಯನ್ನು ನವೀಕರಿಸುವಂತಿಲ್ಲ. ದುಬೈಯಲ್ಲಿ ಮಿತಿಯ ಮೇಲೆ ೨೦ ಕಿಲೋಮೀಟರಿನ ಸಲಿಗೆಯುಂಟು. ಅಬುಧಾಬಿಯಲ್ಲಿ ೨೦೧೮ರ ಆಗಸ್ಟಿನಲ್ಲಿ ಆ ಸಲಿಗೆಯನ್ನು ತೆಗೆದುಹಾಕಿದರು. ಎರಡು ಊರುಗಳ ಗಡಿ ದಾಟುವಾಗ ಕಾಲು ತಾನಾಗಿ ಮೇಲೇಳುತ್ತದೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳುತ್ತಿದ್ದ. ಅದೇ ವಿದ್ಯಾರ್ಥಿ ಬಜಪೆಯಲ್ಲಿ ವಿಮಾನ ಇಳಿದು, ತಮ್ಮನ ಕೈಯಿಂದ ಕಾರಿನ ಕೀಲಿಕೈ ಕಸಿದುಕೊಂಡು, ಉಡುಪಿಯವರೆಗೆ ಹಾರಿಸಿಕೊಂಡು ಹೋಗುತ್ತಾನೆ. ಮನುಷ್ಯ ಒಬ್ಬನೇ, ಕಾಲೂ ಅದೇ. ಬದಲಾದದ್ದು ಕಣ್ಣು ಇದೆಯೋ ಇಲ್ಲವೋ ಎಂಬುದು.

ಇಲ್ಲಿ ನನಗೆ ಒಂದು ಶಂಕೆ ಹುಟ್ಟಿತು. ಯಂತ್ರದ ಕಣ್ಣಿಗೆ ಹೆದರಿ ಮೆಲ್ಲಗೆ ಹೋಗುವುದೂ ದೇವರ ಕಣ್ಣಿಗೆ ಹೆದರಿ ಮೆಲ್ಲಗೆ ಹೋಗುವುದೂ ಕೊನೆಗೆ ಹೆದರಿಕೆಯೇ ಅಲ್ಲವೆ? ದೊಡ್ಡ ಕಣ್ಣು, ಚಿಕ್ಕ ಕಣ್ಣು ಎಂಬಷ್ಟೇ ವ್ಯತ್ಯಾಸವೆ? ಕನಕದಾಸನ ಕಥೆಯನ್ನು ಹೀಗೆ ಓದಿದರೆ ಅನ್ಯಾಯ ಮಾಡಿದಂತಾಗುತ್ತದೆ ಎಂದು ಆಮೇಲೆ ನನಗನ್ನಿಸಿತು. ಅವನು ಹೆದರಿ ಹಣ್ಣನ್ನು ತರಲಿಲ್ಲ. ಅವನು ಎಲ್ಲಿ ಹೋದರೂ ಒಂಟಿಯಾಗಿರಲಿಲ್ಲ, ಅಷ್ಟೇ. ಉಳಿದ ಶಿಷ್ಯರು ಒಂದು ಮೂಲೆಗೆ ಹೋಗಿ ‘ಇಲ್ಲಿ ಯಾರೂ ಇಲ್ಲ’ ಎಂದುಕೊಂಡರು. ಅವನಿಗೆ ‘ಯಾರೂ ಇಲ್ಲದ ಜಾಗ’ ಎಂಬ ಮಾತೇ ಸುಳ್ಳಾಗಿ ಕಂಡಿತು. ಅತಿವೇಗದ ಪ್ರವಾಸಿಯ ತಪ್ಪು ಕೂಡ ಇದೇ. ಅವನ ಕಣ್ಣಿಗೆ ಬೆಟ್ಟವಿದೆ, ಸರೋವರವಿದೆ, ಮುಂದಿನ ಹೋಟೆಲಿದೆ. ನಡುವಿನ ಊರು ‘ಯಾರೂ ಇಲ್ಲದ ಜಾಗ’. ಯಾರಾದರೂ ತನ್ನನ್ನು ನೋಡುತ್ತಿದ್ದಾರೆಯೇ ಎಂಬುದು ಅವನ ಚಿಂತೆ. ತಾನು ಯಾರನ್ನು ನೋಡಲಿಲ್ಲ ಎಂದು ಅವನು ಕೇಳಿಕೊಳ್ಳುವುದಿಲ್ಲ.

ಹಾಗಾದರೆ ಕಟ್ಟಬೇಕು. ಏನೆಂದು ಕಟ್ಟುವುದು? “ಪ್ರವಾಸದ ಖರ್ಚೆಂದು ಬರೆದುಕೊಳ್ಳಿ, ಮುಗಿಯಿತು” ಎಂದು ಅಳಿಯ ಕೊನೆಗೆ ರಾಜಿಗೆ ಬಂದಿದ್ದ. ಈ ಮಾತು ಮೇಲುನೋಟಕ್ಕೆ ಸರಿಯಾಗಿ ಕಂಡರೂ ಇದರಲ್ಲಿ ಒಂದು ಮೋಸವಿದೆ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆತಾಯಂದಿರಿಗೆ ದಂಡ ಹಾಕಿ ನೋಡಿದರು. ಅದರ ವಿವರ ೨೦೦೦ದಲ್ಲಿ ಅಚ್ಚಾಯಿತು. ದಂಡ ಹಾಕಿದ ಮೇಲೆ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮೊದಲು ಶಿಕ್ಷಕಿಯ ಮುಖ ನೋಡಿ ಸಂಕೋಚಪಡುತ್ತಿದ್ದವರು ಈಗ ತಡವಾಗುವ ಹಕ್ಕನ್ನು ದುಡ್ಡು ಕೊಟ್ಟು ಕೊಂಡುಕೊಂಡರು. ದಂಡ ಬೆಲೆಯಾಯಿತು. ಅತಿವೇಗವನ್ನೂ ಹೀಗೆ ಬೆಲೆ ಕೊಟ್ಟು ಕೊಳ್ಳಬಹುದಾದರೆ ಅದು ಶ್ರೀಮಂತನಿಗೆ ಅಗ್ಗ, ಬಡವನಿಗೆ ದುಬಾರಿ. ಇದನ್ನು ಅರಿತೇ ಫಿನ್ಲೆಂಡ್ ದೇಶ ೧೯೨೧ರಷ್ಟು ಹಿಂದೆಯೇ ದಂಡವನ್ನು ತಪ್ಪಿತಸ್ಥನ ದಿನದ ವರಮಾನಕ್ಕೆ ತಕ್ಕಂತೆ ಅಳೆಯುವ ಪದ್ಧತಿಯನ್ನು ತಂದಿತು. ನೋಕಿಯಾ ಕಂಪನಿಯ ಅಧಿಕಾರಿಯಾಗಿದ್ದ ಆನ್ಸಿ ವಾನ್ಯೋಕಿಯವರಿಗೆ ೫೦ರ ಮಿತಿಯಲ್ಲಿ ೭೫ರಲ್ಲಿ ಮೋಟಾರ್ ಸೈಕಲ್ ನಡೆಸಿದ್ದಕ್ಕೆ ೨೦೦೨ರಲ್ಲಿ ಬಿದ್ದ ದಂಡ ೧,೧೬,೦೦೦ ಯೂರೋ. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ನನ್ನ ತಪ್ಪು ಅವರ ತಪ್ಪಿಗಿಂತ ಬಹಳ ಚಿಕ್ಕದೇನಲ್ಲ. ನಮ್ಮ ದೇಶದ ಕಾಯಿದೆ ೨೦೧೯ರ ತಿದ್ದುಪಡಿಯ ನಂತರವೂ ಕಾರಿನ ಅತಿವೇಗಕ್ಕೆ ಸಾವಿರದಿಂದ ಎರಡು ಸಾವಿರ ರೂಪಾಯಿ ಎನ್ನುತ್ತದೆ. ಇದನ್ನು ಪ್ರವಾಸದ ಖರ್ಚಿಗೆ ಸೇರಿಸುವುದು ಎಷ್ಟು ಸುಲಭ!

ಬೆಲೆಯೆಂದು ಕೊಡಬಾರದು. ಶಿಕ್ಷೆಯೆಂದು ಕೊಡೋಣವೆಂದರೆ, ಶಿಕ್ಷಿಸುವವನ ಕೈ ನನ್ನನ್ನು 
ಮುಟ್ಟುವಂತಿಲ್ಲ. ‘ದಂಡ’ ಎಂಬ ಮಾತಿಗೆ ಕನ್ನಡದಲ್ಲಿ ಕೋಲು ಎಂದೂ ಅರ್ಥ, ವ್ಯರ್ಥ ಎಂದೂ ಅರ್ಥ. ಕೋಲು ತಾಗದವನಿಗೆ ದುಡ್ಡು ದಂಡವೆಂದೇ ತೋರುತ್ತದೆ. ಆಗ ನಮ್ಮ ಕಡೆಯ ಬೇರೊಂದು ಮಾತು ನನಗೆ ನೆನಪಾಯಿತು: ತಪ್ಪುಕಾಣಿಕೆ. ತುಳುನಾಡಿನ ದೇವಸ್ಥಾನ, ದೈವಸ್ಥಾನಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ನಡವಳಿಕೆ. ಹರಕೆ ಮರೆತಿದ್ದರೆ, ಸೇವೆಯಲ್ಲಿ ಲೋಪವಾಗಿದ್ದರೆ, ಶಕ್ತ್ಯನುಸಾರ ಒಂದಿಷ್ಟು ಹಣವನ್ನು ಎದುರಿಗಿಟ್ಟು, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪೆಂದು ತಲೆಬಾಗುತ್ತಾರೆ. ‘ಗೊತ್ತಿಲ್ಲದೆಯೋ’ ಎಂಬ ಆ ಒಂದು ಮಾತಿನಲ್ಲಿ ವಾಣಿಜ್ಯಶಾಸ್ತ್ರದವರ ವಾದಕ್ಕೆ ಉತ್ತರವಿದೆ. ಅಲ್ಲಿ ವಸೂಲು ಮಾಡುವವರಿಲ್ಲ, ರಶೀದಿಗಾಗಿ ಕಾಯುವವರಿಲ್ಲ. ಹಣ ಕೊಟ್ಟ ಮಾತ್ರಕ್ಕೆ ಅದೇ ತಪ್ಪನ್ನು ಮತ್ತೆ ಮಾಡುವ ಹಕ್ಕು ಸಿಕ್ಕಿತೆಂದು ಯಾರೂ ತಿಳಿಯುವುದಿಲ್ಲ. ಕಾಣ್ ಎಂಬ ಧಾತುವಿನಿಂದ ಬಂದದ್ದು ಕಾಣಿಕೆ. ಒಬ್ಬರನ್ನು ಕಾಣಲು ಹೋಗುವಾಗ ಒಯ್ಯುವುದು. ಅಂದು ಕಾಣದೆ ಹೋದ ಊರನ್ನು ಹತ್ತು ತಿಂಗಳು ತಡವಾಗಿಯಾದರೂ ಕಾಣಲು ಹೋಗುವುದಾದರೆ ಬರಿಗೈಯಲ್ಲಿ ಹೋಗುವುದೇ?

ಗಡುವು ಮುಗಿಯುವ ಮೊದಲು ಬ್ಯಾಂಕಿಗೆ ಹೋಗಿ ಹಣ ಕಳಿಸಿದೆ. ಹೊರದೇಶಕ್ಕೆ ಹಣ ಕಳಿಸುವ ಅರ್ಜಿಯಲ್ಲಿ ‘ಉದ್ದೇಶ’ ಎಂಬ ಮನೆಯಿರುತ್ತದೆ. ಅಲ್ಲಿಯ ತರುಣ ಗುಮಾಸ್ತರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು: ವಿದ್ಯಾಭ್ಯಾಸ, ಚಿಕಿತ್ಸೆ, ಉಡುಗೊರೆ, ಪ್ರವಾಸ. ತಪ್ಪಿಗೆ ಅಲ್ಲಿ ಮನೆಯಿರಲಿಲ್ಲ. ಕೊನೆಗೆ ‘ಪ್ರವಾಸದ ಖರ್ಚು’ ಎಂದೇ ಬರೆದರು. ಅಳಿಯನ ಮಾತು ಕಾಗದದ ಮೇಲಾದರೂ ಗೆದ್ದಿತು.

ಹಣ ಕಟ್ಟಿ ದೊಡ್ಡವನಾದೆನೆಂದು ಓದುಗರು ಭಾವಿಸಬಾರದು. ಮರುದಿನ ಬೆಳಗ್ಗೆ ಕಾಲೇಜಿಗೆ ತಡವಾಗಿತ್ತು. ಉದ್ಯಾವರದ ಸೇತುವೆ ದಾಟಿ, ಊರೊಳಗೆ ಹೋಗುತ್ತಿರುವಾಗ ಕಾರಿನ ಮುಳ್ಳನ್ನು ನೋಡಿದೆ: ೮೦. ಹದಿನೈದು ವರ್ಷಗಳಿಂದ ದಿನಕ್ಕೆರಡು ಸಲ ಹಾದುಹೋಗುವ ಊರು. ಉದ್ಯಾವರದವರಿಗೆ ಅದು ಊರು; ನನಗೆ ಅದು ಕಟಪಾಡಿಗೂ ಕಾಲೇಜಿಗೂ ನಡುವಿನ ದೂರ. ಇಟಲಿಗೆ ಹೋಗಿ ಪ್ರವಾಸಿಯಾದೆನೆಂದು ತಿಳಿದಿದ್ದೆ. ನಮ್ಮ ಮನೆಯಿಂದ ಎರಡು ಮೈಲಿಯಲ್ಲಿಯೇ ದಿನವೂ ಪ್ರವಾಸಿಯಾಗಿದ್ದೆ. ಇಲ್ಲಿಂದ ನೋಟೀಸು ಬಂದಿಲ್ಲವೆಂಬುದಷ್ಟೇ ವ್ಯತ್ಯಾಸ. ಅಂದಿನಿಂದ ಊರ ಹೆಸರಿನ ಫಲಕ ಕಂಡಲ್ಲಿ ಕಾಲನ್ನು ಎತ್ತುವ ಅಭ್ಯಾಸ ಮಾಡುತ್ತಿದ್ದೇನೆ. ಉದ್ಯಾವರ, ಪಾಂಗಾಳ, ಕಾಪು. ಹಿಂದಿನ ವಾಹನದವರು ಹಾರನ್ ಹೊಡೆಯುತ್ತಾರೆ. ಕೆಲವು ದಿನ ಮರೆತೂ ಹೋಗುತ್ತದೆ.

ಒಂದು ಸಂಜೆ ನೆರೆಮನೆಯ ಅಕ್ಕ ಕೋಲೂರಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕುಳಿತರು. ನನ್ನಾಕೆ ಅವರಿಗೆ ದಂಡದ ಕಥೆಯನ್ನೆಲ್ಲ ಹೇಳಿದಳು. ಅಕ್ಕ ಬಾಯಿಯ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ ನನ್ನನ್ನು ಕೇಳಿದರು:

“ಮಾಷ್ಟ್ರೇ, ಅಲ್ಲಿ ಯಾರಿಗೂ ತಾಗಲಿಲ್ಲವಲ್ಲ?”

“ಇಲ್ಲ ಅಕ್ಕ.”

“ಹಾಗಾದರೆ ಕಡಿಮೆಯಲ್ಲಿ ಮುಗಿಯಿತು” ಎಂದು ಹೇಳಿ, ತಮ್ಮ ಎಡಗಾಲನ್ನು ಎರಡು ಕೈಯಿಂದ ಎತ್ತಿ ಮೆಟ್ಟಿಲಿನ ಮೇಲೆ ನೀಡಿಕೊಂಡರು.